ಮುನಿಶಾಮಿ ಮಾವನ ಇಂಜಿನ್ನು

ಆಗೆಲ್ಲ ಕಾರು ಇದ್ದಿಲು ತಿಂದು ಓಡುತ್ತಿತ್ತು ಎಂದರೆ ಈಗಿನ ಮಕ್ಕಳು ನನಗೆ ಅರಳುಮರಳು ಅನ್ನುತ್ತಾರೆ. ಅನ್ನಲಿ ಬಿಡಿ. ಯುದ್ಧದ ವರ್ಷಗಳವು. ಪೆಟ್ರೋಲಿಗೆ ಕೂಪನ್ನು ಬೇಕು, ಕೂಪನ್ನು ಹಿಡಿದು ಹೋದರೆ ಪೆಟ್ರೋಲಿಲ್ಲ. ಕಾರಿನ ಬೆನ್ನಿಗೆ ಡ್ರಮ್ಮಿನಂಥ ಒಲೆಯೊಂದನ್ನು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಬಂದ ಗ್ಯಾಸಿನಲ್ಲೇ ಇಂಜಿನ್ನು ಓಡಿಸುತ್ತಿದ್ದರು. ಆ ಒಲೆಗೆ ಗಾಳಿ ಊದುವ ಪಂಖ ತಿರುಗಿಸುವುದಕ್ಕೆ ನಾನೂ ಗಂಗಳೂ ಜಗಳವಾಡುತ್ತಿದ್ದೆವು. ಮೂಗಿನೊಳಗೆಲ್ಲ ಮಸಿ ತುಂಬಿಕೊಂಡು ಮನೆಗೆ ಬಂದರೆ ಅವ್ವ, "ಬಂದ್ವು ನೋಡು ಎರಡು ಇದ್ಲು ಮೂಟೆ" ಎಂದು ಬಚ್ಚಲಿಗೆ ತಳ್ಳುತ್ತಿದ್ದಳು.

ಗಂಗ ಮುನಿಶಾಮಿ ಮಾವನ ಮಗಳು. ಮಾವ ಎಂದರೆ ರಕ್ತಸಂಬಂಧವಲ್ಲ, ಅಪ್ಪನ ಸ್ನೇಹಿತ. ನಮ್ಮ ಮನೆ ನೆಲಮಂಗಲದ ಪೇಟೆಯಲ್ಲಿ, ಅವರದು ಅರಿಶಿನಕುಂಟೆಯಲ್ಲಿ. ಅಪ್ಪನೂ ಮಾವನೂ ಬೆಂಗಳೂರಿನಲ್ಲಿ ಒಂದೇ ನಮೂನೆಯ ಎರಡು ಹಳೆಯ ಕಾರು ಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಮದುವೆ ದಿಬ್ಬಣ, ಕೋರ್ಟಿನ ಕೆಲಸ, ದಾಬಸ್‌ಪೇಟೆ ಕಡೆಯ ನೆಂಟರು, ಏನೇ ಇದ್ದರೂ ಇವರಿಬ್ಬರಲ್ಲಿ ಒಬ್ಬರು ಹೋಗಬೇಕು.

ಒಂದು ದಿನ ಅಡ್ಡ ಬಂದ ಕರುವನ್ನು ತಪ್ಪಿಸಲು ಹೋಗಿ ಮಾವ ಕಾರನ್ನು ಹುಣಸೇಮರಕ್ಕೆ ಗುದ್ದಿದ. ಮುಂಭಾಗ ನುಜ್ಜುಗುಜ್ಜಾಯಿತು, ಆಕ್ಸಲ್ಲು ಮುರಿಯಿತು. ಇಂಜಿನ್ನಿಗೆ ಮಾತ್ರ ಏನೂ ಆಗಲಿಲ್ಲ. ನಮ್ಮ ಕಾರಿನದು ತಿರುಗುಮುರುಗು. ಮೈ ಗಟ್ಟಿಯಾಗಿತ್ತು, ಆದರೆ ಇದ್ದಿಲಿನ ದೂಳು ಒಳಗೆ ಸೇರಿ ಇಂಜಿನ್ನನ್ನು ಪೂರ್ತಿ ತಿಂದುಹಾಕಿತ್ತು. ಸಾಮಾನು ಬರಬೇಕಾದದ್ದು ಹಡಗಿನಲ್ಲಿ. ಆ ಹಡಗುಗಳೆಲ್ಲ ಯುದ್ಧದಲ್ಲಿದ್ದವು.

ಇಬ್ಬರೂ ನಮ್ಮ ಜಗಲಿಯ ಮೇಲೆ ಕೂತು ಬೀಡಿ ಸೇದಿ ಸೇದಿ ಕೊನೆಗೆ ತೀರ್ಮಾನ ಮಾಡಿದರು. ಎರಡು ಕಾರು ಸೇರಿಸಿ ಒಂದು ಕಾರು, ಸರದಿಯ ಮೇಲೆ ಇಬ್ಬರೂ ಓಡಿಸುವುದು. ಮಾವ ತನ್ನ ಇಂಜಿನ್ನನ್ನು ತಾನೇ ಸರಪಳಿ ಕಟ್ಟಿ ಎತ್ತಿದ.

"ಚನ್ನ, ನನ್ ಕರುಳು ಕಿತ್ತು ನಿನ್ ಹೊಟ್ಟೇಲಿ ಇಡ್ತಿದೀನಿ ಕಣೋ. ಹುಷಾರು."

ಅಪ್ಪ, "ಯುದ್ಧ ಮುಗೀಲಿ. ನಿನ್ ಗಾಡೀನ ಅಸಲಿ ಸಾಮಾನಲ್ಲೇ ಎಬ್ಬಿಸಿ ನಿಲ್ಲಿಸ್ಕೊಡ್ತೀನಿ. ಕಂಡ್ ಕಂಡಿದ್ದು ಹಾಕಲ್ಲ" ಎಂದ.

ಬರಿದಾದ ಆ ಕಾರು ಮಾವನ ಹಿತ್ತಲಿನಲ್ಲಿ ಕೂತಿತು. ಅಲ್ಲಿಂದ ಅದು ನಮ್ಮ ರಾಜ್ಯ. ಗಂಗ ಸ್ಟೇರಿಂಗು ಹಿಡಿದರೆ ನಾನು "ಬೆಂಗ್ಳೂರು, ಬೆಂಗ್ಳೂರು" ಎಂದು ಕೂಗಿ ಜನ ಹತ್ತಿಸುವವಳು. ಜನ ಎಂದರೆ ಮಾವನ ಹೆಂಡತಿ ತಾಯಮ್ಮತ್ತೆಯ ಕೋಳಿಗಳು. ಹಿಂದಿನ ಸೀಟಿನ ನಾರಿನಲ್ಲಿ ಅವು ಮೊಟ್ಟೆ ಇಡುತ್ತಿದ್ದವು. ಬಿಸಿಲಿಗೆ ಕಾದ ಚರ್ಮದ ವಾಸನೆ, ಹಳೆಯ ಗ್ರೀಸು, ಕೋಳಿಯ ಹಿಕ್ಕೆ, ಎಲ್ಲ ಸೇರಿ ಒಂದು ಘಾಟು ಬರುತ್ತಿತ್ತು. ನನಗೆ ಅದೇ ಇಷ್ಟವಾಗಿತ್ತು.

ಯುದ್ಧ ಮುಗಿಯಿತು. ಅಷ್ಟರಲ್ಲಿ ಮಾವನಿಗೆ ಕೆಮ್ಮು ಹಿಡಿದಿತ್ತು. ಆ ಸಲದ ಅವರೆಕಾಯಿ ಕಾಲಕ್ಕೆ ಹಾಸಿಗೆಯನ್ನೇ ಹಿಡಿದ. ಡಾಕ್ಟರು ಅತ್ತೆಯನ್ನು ಹೊರಗೆ ಕರೆದು ಏನೋ ಹೇಳಿದರು. ಆಮೇಲೆ ಅತ್ತೆ ಒಲೆ ಮುಂದೆ ಕೂತು ನೆನೆದ ಅವರೆಕಾಳಿನ ಸಿಪ್ಪೆ ಹಿತಕುತ್ತಾ ಅಳುತ್ತಿದ್ದದ್ದನ್ನು ನಾನೂ ಗಂಗಳೂ ನೋಡಿದೆವು. ಅಂದು ನಾವು ಆಟಕ್ಕೆ ಹೋಗಲಿಲ್ಲ.

ಕಾರನ್ನು ಈಗ ಅಪ್ಪನೊಬ್ಬನೇ ಓಡಿಸುತ್ತಿದ್ದ. ಮಾವನನ್ನು ನೋಡಲು ದಿನಾ ಹೋಗುತ್ತಿದ್ದ, ನನ್ನನ್ನೂ ಕೂರಿಸಿಕೊಳ್ಳುತ್ತಿದ್ದ. ಆದರೆ ಕಾರನ್ನು ಊರೊಳಗೆ ತರುತ್ತಿರಲಿಲ್ಲ. ದೂರದಲ್ಲಿ, ರಸ್ತೆ ಬದಿಯ ಮಾವಿನ ತೋಪಿನಲ್ಲಿ ನಿಲ್ಲಿಸಿ ನಡೆದೇ ಹೋಗುತ್ತಿದ್ದೆವು. "ಯಾಕಪ್ಪಾ, ಕಾಲು ನೋಯುತ್ತೆ" ಎಂದರೆ, "ಅವನು ಮಲಗಿರೋ ಮನೆ ಮುಂದೆ ನಾನು ಅವನ ಇಂಜಿನ್ ಮೇಲೆ ಕೂತು ಜಂಬವಾಗಿ ಹೋಗಿ ಇಳೀಲಾ? ಹೊಟ್ಟೆ ಉರಿಯಲ್ವಾ ಅವನಿಗೆ?" ಎನ್ನುತ್ತಿದ್ದ. ಮಾವನೂ ಕಾರಿನ ಮಾತು ಎತ್ತುತ್ತಿರಲಿಲ್ಲ. ಮಳೆ, ಬೆಳೆ, ಊರಿನ ಸುದ್ದಿ ಮಾತಾಡುತ್ತಿದ್ದ.

ಮಾವನ ಕಾರನ್ನು ಎಬ್ಬಿಸಲೇಬೇಕೆಂದು ಅಪ್ಪ ಬೆಂಗಳೂರು ಸುತ್ತತೊಡಗಿದ್ದು ಆಗಲೇ. ಮಿಲಿಟರಿಯವರು ಬಿಟ್ಟುಹೋದ ಸಾಮಾನು ಅಲ್ಲಿ ಗುಡ್ಡೆ ಗುಡ್ಡೆ ಬಿದ್ದಿತ್ತು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಪ್ಪ ಸೀಮೆಎಣ್ಣೆ ಬಟ್ಟೆಯಲ್ಲಿ ಒಂದೊಂದನ್ನೂ ಉಜ್ಜಿ ನಂಬರು ನೋಡುವವನು. ಅಂಗಡಿಯವನಿಗೆ ತಾಳ್ಮೆ ಹೋಯಿತು.

"ಕೂತ್ಕೊಳ್ಳುತ್ತೆ ತಗೊಳ್ಳಿ ಸ್ವಾಮಿ. ಲಾರೀದಾದ್ರೇನು, ಕಾರಿಂದಾದ್ರೇನು?"

"ಕೂತ್ಕೊಳ್ಳುತ್ತೆ. ಆದ್ರೆ ಅದರದಲ್ಲ. ನಂಗೆ ಅದರದೇ ಬೇಕು."

ಹೀಗೆ ಹುಡುಕಿ ಹುಡುಕಿ ಆಕ್ಸಲ್ಲು ತಂದ. ಯಾವುದೋ ಗೋಡೌನಿನಲ್ಲಿ ಅದೇ ನಮೂನೆಯ ಇಂಜಿನ್ನು ಸಿಕ್ಕಿದಾಗ ಎತ್ತಿನಗಾಡಿಯಲ್ಲಿ ಹುಲ್ಲು ಹಾಸಿ, ಬಾಣಂತಿಯನ್ನು ಕರೆತರುವ ಹಾಗೆ ತಂದ. ಕಾರ್ಬುರೇಟರು ಮಾತ್ರ ಸಿಗಲಿಲ್ಲ. ಬೇರೆ ಕಾರಿನದನ್ನು ಹಾಕಿದರೆ ಆಗುತ್ತದೆ ಎಂದು ಮೆಕ್ಯಾನಿಕ್ಕು ಹೇಳಿದ. ಅಪ್ಪ ಒಪ್ಪಲಿಲ್ಲ.

ಅವ್ವ ಒಂದು ಸಂಜೆ ತಡೆಯಲಾರದೆ ಅಂದಳು: "ಸಿಕ್ಕಿದ್ದು ಹಾಕ್ಬಾರ್ದಾ? ಮುನಿಶಾಮಣ್ಣ ಮೂಳೆ ಚಕ್ಕಳ ಆಗೋಗವ್ನೆ. ನೀವು ತರೋ ಹೊತ್ಗೆ ನೋಡೋಕೆ ಅವನಿರಬೇಕಲ್ಲ."

"ಅವನ ಗಾಡಿ ಅವನ ಗಾಡಿಯಾಗೇ ಏಳ್ಬೇಕು" ಎಂದ ಅಪ್ಪ. ಹಟ ನಮ್ಮ ಮನೆತನದಲ್ಲಿ ಎಲ್ಲರಿಗೂ ಇದೆ, ಅಪ್ಪನಿಗೆ ಒಂದು ಹಿಡಿ ಹೆಚ್ಚು.

ಕೊನೆಗೆ ಹೊಸಕೋಟೆಯ ಕಡೆಯಿಂದ ಅದೂ ಬಂತು. ಎಲ್ಲ ಜೋಡಿಸಿ, ಕಾರನ್ನು ಹಿತ್ತಲಿನಿಂದ ಮನೆ ಮುಂದಕ್ಕೆ ತಳ್ಳಿ ತಂದು, ಒಂದು ಬೆಳಗ್ಗೆ ಮಾವನನ್ನು ಕಂಬಳಿ ಸುತ್ತಿ ಜಗಲಿಗೆ ತಂದು ಕೂರಿಸಿದರು. ನೆರೆಹೊರೆಯವರೆಲ್ಲ ಸೇರಿದ್ದರು. ಅಪ್ಪ ಹ್ಯಾಂಡಲ್ಲು ತಿರುವಿದ. ಎರಡು ಸಲ ಗೊರ ಗೊರ ಎಂದದ್ದು ಮೂರನೆಯ ಸಲಕ್ಕೆ ಹತ್ತಿಕೊಂಡಿತು. ನಾವು ಮಕ್ಕಳು ಕುಣಿದಾಡಿಬಿಟ್ಟೆವು. ಮಾವ ಕಣ್ಣು ಮುಚ್ಚಿ ತುಂಬಾ ಹೊತ್ತು ಕೇಳಿದ. ಆಮೇಲೆ ನಕ್ಕ.

"ಚೆನ್ನಾಗಿ ಓಡ್ತಾ ಇದೆ ಚನ್ನ. ಎಲ್ಲಾ ಅಸಲಿ ಹಾಕಿದೀಯ."

ಮೆಲ್ಲಗೆ ಕೇಳಿದ: "ನಂದು ಯಾವಾಗ ಹೋಯ್ತು?"

"ಏನು ಹೋಯ್ತು?"

"ನನ್ ಇಂಜಿನ್ನು ಕಣೋ. ಕೆಟ್ಟೋಯ್ತೇನೋ, ನಾನು ನೊಂದ್ಕೊತೀನಿ ಅಂತ ನೀನು ಹೇಳ್ತಿಲ್ವೇನೋ ಅಂದ್ಕೊಂಡೆ. ನೀನು ಬರೋ ಹೊತ್ಗೆ ದಿನಾ ಕಿವಿಗೊಟ್ಕೊಂಡು ಮಲಗಿರ್ತೀನಿ. ಗಾಡಿ ಬರಲ್ಲ, ನಿನ್ ಕೆರದ ಸದ್ದು ಬರುತ್ತೆ."

ಅಪ್ಪ ಹ್ಯಾಂಡಲ್ಲು ಕೆಳಗಿಟ್ಟ. "ಕೆಟ್ಟಿಲ್ಲ ಮುನಿಶಾಮಿ. ಗುಂಡುಕಲ್ಲಿನಂಗೈತೆ. ತೋಪಲ್ಲಿ ನಿಲ್ಸಿದೀನಿ."

"ತೋಪಲ್ಲಾ? ಅಲ್ಯಾಕೆ ನಿಲ್ಸ್ದೆ?"

ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಓಡಿದ. ಅಪ್ಪ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾವ ಎದುರಿಗಿದ್ದ ಕಾರನ್ನು ಆರಿಸಲು ಹೇಳಿದ. ಎಲ್ಲರೂ ಮಾತು ನಿಲ್ಲಿಸಿದರು. ನಮಗೆ ಯಾರಿಗೂ ಇನ್ನೂ ಏನೂ ಕೇಳಿಸದಿದ್ದಾಗಲೇ ಮಾವ, "ಬಂತು" ಎಂದ.

ಕಾರು ಬಂದು ಜಗಲಿಯ ಮುಂದೆ ನಿಂತಿತು. ಅಪ್ಪ ಇಂಜಿನ್ನು ಆರಿಸಲಿಲ್ಲ. ಮಾವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬಾಯಿ ಮಾತ್ರ ಎಂದಿನ ಹಾಗೆ ಬೈಯಿತು. "ಮೂರ್ನೇ ಸಿಲಿಂಡ್ರು ತಪ್ತಾ ಇದೆ. ಪ್ಲಗ್ ತೆಗೆದು ಒರ್ಸು. ಏನ್ ನೋಡ್ಕೊಂಡಿದೀಯೋ." ಅಪ್ಪ ಆಗ ಇಂಜಿನ್ನು ಆರಿಸಿ, ಪ್ಲಗ್ಗು ಬಿಚ್ಚಿ ಅಂಗಿಯ ಚುಂಗಿನಿಂದಲೇ ಒರೆಸಿದ. ಒರೆಸುತ್ತಾ ನಮ್ಮೆಲ್ಲರ ಎದುರಿಗೇ ಅತ್ತ.

ಮರುದಿನದಿಂದ ಅಪ್ಪ ದಿನಾ ಕಾರನ್ನು ಮನೆಯ ಬಾಗಿಲಿಗೇ ತಂದು, ಇಂಜಿನ್ನು ಓಡುತ್ತಿರುವ ಹಾಗೆಯೇ ಬಿಟ್ಟು ಒಳಗೆ ಹೋಗಿ ಕೂರುತ್ತಿದ್ದ. ಹೆಚ್ಚು ದಿನ ನಡೆಯಲಿಲ್ಲ. ಹೊಲದಲ್ಲಿ ಅವರೆ ಮುಗಿಯುವ ಮೊದಲೇ ಮಾವ ಹೋಗಿಬಿಟ್ಟ. ಅಸಲಿ ಸಾಮಾನಿನ ಕಾರನ್ನು ಅತ್ತೆ ಯಾರಿಗೋ ಮಾರಿದಳು. ನಮ್ಮದನ್ನು ಅಪ್ಪ ಇನ್ನೂ ಕೆಲವು ವರ್ಷ ಓಡಿಸಿದ. ವಯಸ್ಸಾದ ಮೇಲೆ ಒಮ್ಮೆ, ಯಾರೂ ಕೇಳದಿದ್ದರೂ ತಾನಾಗಿಯೇ ಹೇಳಿದ: "ಪುಟ್ಟೀ, ಆ ಚಳಿಗಾಲ ಪೂರ್ತಿ ಊರೂರು ಅಲೆದೆ. ಅವನಿಗೆ ಬೇಕಾಗಿದ್ದನ್ನ ದಿನಾ ಅವನ ಊರ ತನಕ ತಗೊಂಡೋಗಿ, ತೋಪಲ್ಲಿ ಬಿಟ್ಟು ಹೋಗ್ತಿದ್ದೆ." ನಾನು ಅಪ್ಪನ ಕೈ ಹಿಡಿದುಕೊಂಡು ಕೂತೆ.

ತೋಪು ಈಗಿಲ್ಲ, ಅಲ್ಲಿ ಲಾರಿಗಳು ಸಾಲಾಗಿ ನಿಲ್ಲುತ್ತವೆ. ತೋಪು ಹೋದದ್ದಕ್ಕೆ ನನಗೆ ಅಷ್ಟು ಸಂಕಟವಿಲ್ಲ. ಅತ್ತೆಯ ಕೈಯ ಹಿತಕಿದ ಬೇಳೆಯ ಸೊಗಡು, ಮಾವನ ಕೆಮ್ಮು, ಅಪ್ಪನ ಕೆರದ ಸದ್ದು, ಎಲ್ಲವೂ ನೆನಪಿದೆ. ಆ ಇಂಜಿನ್ನಿನ ಶಬ್ದ ಮಾತ್ರ ನೆನಪಿಗೆ ಬರುವುದಿಲ್ಲ. ವರ್ಷಗಟ್ಟಲೆ ಅದರ ಹಿಂದೆ ಕೂತು ಓಡಾಡಿದವಳು ನಾನು. ಗಂಗಳನ್ನಾದರೂ ಕೇಳೋಣವೆಂದರೆ ಹೋದ ವರ್ಷ ಅವಳೂ ಹೋದಳು. ಅದನ್ನು ಕೇಳಿದ್ದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.