ಸೊಸೆಯನ್ನು ಬೈಯದ ಒಂದು ತಿಂಗಳು

ಆಗ ನನಗೆ ಐವತ್ತೆಂಟು. ಒಂಬತ್ತು ವರ್ಷದ ಹಿಂದಿನ ಮಾತು. ಹಳಿಯಾಳದ ನಮ್ಮ ಮನೆಯ ಅಂಗಳವನ್ನು ಒಂದು ಬೆಳಿಗ್ಗೆ ನಾಲ್ಕು ಸಲ ಗುಡಿಸಿದೆ. ನಾಲ್ಕನೆಯ ಸಲಕ್ಕೆ ಅಲ್ಲಿ ಒಂದು ಎಲೆಯೂ ಇರಲಿಲ್ಲ. ಆದರೂ ಗುಡಿಸಿದೆ.

ಓಣಿಯವರು ಹೊಗಳಿದರು. "ಈ ವಯಸ್ಸಿನ್ಯಾಗ ಏನ್ ಚುರುಕ ಅದಾಳವಾ ಗಂಗವ್ವ."

ಚುರುಕೇ? ಕೂತರೆ ಎದೆಯೊಳಗೆ ಇರುವೆ ಹರಿದಂತೆ ಆಗುತ್ತಿತ್ತು. ಅದಕ್ಕೇ ಕೂಡುತ್ತಿರಲಿಲ್ಲ. ಕೋಳಿ ಕೂಗುವ ಮೊದಲೇ ಎಚ್ಚರ. ಎದ್ದರೆ ಒಲೆಯಿಂದ ಬಾಗಿಲು, ಬಾಗಿಲಿಂದ ಒಲೆ. ಸಾಲೆಯಲ್ಲಿ ನಾನು ಬಿಸಿಯೂಟ ಮಾಡುತ್ತಿದ್ದೆ. ನೂರಿಪ್ಪತ್ತು ಮಕ್ಕಳ ಸಾರು. ನಾಲಿಗೆಗೆ ಉಪ್ಪು ತಿಳಿಯದಾಯಿತು. ಜೊತೆಯ ಅಡುಗೆಯವಳ ಕೈಗೆ ಸೌಟು ಕೊಟ್ಟು "ನೀನ ನೋಡವಾ" ಎನ್ನುತ್ತಿದ್ದೆ. ತೊಳೆದಿಟ್ಟ ಡಬರಿಗಳನ್ನು ಮತ್ತೆ ತೊಳೆಯುತ್ತಿದ್ದೆ.

ಟಿವಿಯಲ್ಲಿ ಡಿಪ್ರೆಶನ್ ಬಂದವರು ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಾರೆ. ನನಗೆಲ್ಲಿತ್ತು ಕೂಡುವ ಯೋಗ? ಹಾಗಾಗಿ ನನಗೆ ಬಂದದ್ದು ಅದೇ ಎಂದು ಯಾರಿಗೂ ಹೊಳೆಯಲಿಲ್ಲ. ನನಗಂತೂ ಆ ಶಬ್ದವೇ ಗೊತ್ತಿರಲಿಲ್ಲ.

ಮಗ ಮಾರುತಿ ಒಮ್ಮೆ ಕೇಳಿದ. "ಯವ್ವಾ, ಏನ್ ಕಮ್ಮಿ ಆಗೇತಿ ನಿನಗ?"

ಏನೂ ಕಮ್ಮಿಯಾಗಿರಲಿಲ್ಲ. ಅದೇ ತೊಂದರೆ. ಕಮ್ಮಿ ಆಗಿದ್ದರೆ ಬೆರಳು ಮಾಡಿ ತೋರಿಸಬಹುದಿತ್ತು. (ಕಾಲು ಮುರಿದವಳನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ?)

ಗುರುತು ಹಿಡಿದದ್ದು ಸೊಸೆ ರೇಣುಕಾ. ನನಗೂ ಅವಳಿಗೂ ಅಷ್ಟಕ್ಕಷ್ಟೆ. ಒಂದು ದಿನ ಬಂದು ಎದುರಿಗೆ ನಿಂತಳು. "ಧಾರವಾಡಕ್ಕ ಹೋಗೂಣು ನಡೀರಿ ಅತ್ತಿ."

ನಮ್ಮ ಕಡೆ ಧಾರವಾಡ ಎಂದರೆ ಎರಡೇ ಅರ್ಥ. ಒಂದು ಪೇಡೆ. ಇನ್ನೊಂದು ಹುಚ್ಚರ ದವಾಖಾನೆ. ಪೇಡೆ ತರುವ ಕೆಲಸ ಮನೆಯಲ್ಲಿ ಇರಲಿಲ್ಲ.

"ನನಗ ಹುಚ್ಚ ಹಿಡದೇತೇನ?" ಎಂದೆ.

"ಹಿಡದವ್ರು ಹಿಂಗ ಕೇಳೂದಿಲ್ರಿ. ಸೀರಿ ಉಡ್ರಿ."

ಬಸ್‌ಸ್ಟ್ಯಾಂಡಿನಲ್ಲಿ ಕೇಳಿದವರಿಗೆಲ್ಲ, ಕಣ್ಣು ತೋರಿಸಲು ಹೊರಟಿದ್ದೇವೆ ಎಂದೆವು.

ಮನಸ್ಸಿನ ಡಾಕ್ಟರು ಹೆಣ್ಣುಮಗಳು. "ಹೆಂಗದೀರಿ ಅಮ್ಮಾ?" ಎಂದು ಕೇಳಿದರು.

"ಆರಾಮ ಅದೀನ್ರಿ" ಎಂದೆ.

ನಗಬೇಡಿ. ನೀವೂ ಅದನ್ನೇ ಹೇಳುತ್ತೀರಿ. ಮೈ ಕಾದಿದ್ದರೂ ಆರಾಮ. ಯಾರದೋ ಮಣ್ಣಿಗೆ ಹೋಗಿ ಬಂದ ದಿನವೂ ಆರಾಮ. ಯಾರು ಕೇಳಿದರೂ ಬಾಯಿ ತಾನಾಗಿ ಅದನ್ನು ಉದುರಿಸುತ್ತದೆ, ಮನಸ್ಸನ್ನು ಕೇಳುವುದೇ ಇಲ್ಲ. ಅಷ್ಟು ದೂರ ಬಸ್ಸಿನಲ್ಲಿ ನಿಂತು ಬಂದು ಡಾಕ್ಟರ ಎದುರು ಆರಾಮ ಎನ್ನುವವಳಿಗೆ ಅವರಾದರೂ ಯಾವ ಔಷಧ ಕೊಡಬೇಕು?

ರೇಣುಕಾ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ಆರಾಮ ಇಲ್ರಿ ಮೇಡಂ. ಒಂದ್ ತಿಂಗಳಾತು, ನನ್ನ ಬೈದಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮೊದಲ ಬೈತಿದ್ರೇನು?"

"ದಿನಾ ಬೈತಿದ್ರು ರೀ. ರೊಟ್ಟಿ ದಪ್ಪ ಆತು, ನೀರ ಚೆಲ್ಲಿದಿ, ನಿಮ್ಮವ್ವ ನಿನಗೇನ್ ಕಲಿಸ್ಯಾಳ ಅಂತ. ಮೊನ್ನೆ ಬೇಕಂತ ರೊಟ್ಟಿ ಹೊತ್ತಿಸಿ ಕೊಟ್ಟೆ, ನೋಡೂಣು ಅಂತ. ಸುಮ್ನ ತಿಂದ್ರು."

(ಬೇಕಂತಲೇ ಹೊತ್ತಿಸಿದ್ದು ಎಂದು ನನಗೆ ಗೊತ್ತಾದದ್ದು ಆವಾಗಲೇ.)

ಆಮೇಲೆ ಡಾಕ್ಟರು ಒಂದೊಂದೇ ಕೇಳುತ್ತ ಹೋದರು. ನಿದ್ದೆ, ಊಟ, ರುಚಿ, ಈ ಓಡಾಟ. ಹೇಳಿದೆ. ಕೊನೆಗೆ ದನಿ ಇಳಿಸಿ, "ಬಾಳೇ ಸಾಕು ಅನಿಸಿದ್ದೈತೇನ್ರಿ?" ಎಂದರು.

"ಇಲ್ರಿ" ಎಂದೆ.

ಸುಳ್ಳು. ಆದರೆ ಸೊಸೆ ಪಕ್ಕದಲ್ಲೇ ಕೂತಿದ್ದಳು. ಮಗ, ಸೊಸೆ, ಮೊಮ್ಮಗಳು ಇರುವ ಹೆಂಗಸು ಅಂಥ ಮಾತು ಬಾಯಿಬಿಟ್ಟು ಆಡುವುದು ಹೇಗೆ?

ಗುಳಿಗೆ ಬರೆದರು. "ಇದು ತಲಿನೋವಿನ ಗುಳಿಗಿ ಅಲ್ರಿ. ಗುಣ ಕಾಣಾಕ ಮೂರ್ನಾಕ ವಾರ ಬೇಕು. ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ. ಮತ್ತ ಬರ್ರಿ, ಮಾತಾಡೂಣು." (ಅವರು ಹೇಳಿದಷ್ಟೇ ವಾರ ಹಿಡಿಯಿತು. ಮೊದಲ ವಾರ ಬಾಯಿ ಒಣಗಿದ್ದೊಂದೇ ಲಾಭ.)

ಸಂಜೆ ಮನೆಯಲ್ಲಿ ಗುಳಿಗೆ ಹುಡುಕಿದೆ. ಸಿಗಲಿಲ್ಲ. ರೇಣುಕಾ ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಳು.

"ನಾ ಏನ್ ಸಣ್ಣ ಹುಡುಗಿ ಅದೀನೇನ?"

"ದಿನಾ ನಾನ ಕೊಡ್ತೇನಿ ಬಿಡ್ರಿ."

"ಇಲ್ಲ ಅಂತ ಡಾಕ್ಟರ ಮುಂದ ಹೇಳಿದ್ನಲ್ಲ? ನಂಬಿಕಿ ಇಲ್ಲೇನು?"

ಅವಳು ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ. "ನಮ್ಮವ್ವನೂ ಇಲ್ಲ ಅಂದಿದ್ಳು ರೀ."

ಅವಳ ತವರು ಮುಂಡಗೋಡ ಕಡೆಯ ಪಾಳಾ. ತಾಯಿ ಜ್ವರ ಬಂದು ತೀರಿಕೊಂಡಳು ಎಂದು ಮದುವೆ ಮಾತುಕತೆಯ ಹೊತ್ತಿಗೆ ನಮಗೆ ಹೇಳಿದ್ದರು. ಎಂಟು ವರ್ಷ ನಾನು ಅದನ್ನೇ ನಂಬಿದ್ದೆ. ಆ ತಾಯಿಯನ್ನು ಎತ್ತಿಕೊಂಡೇ ಇವಳನ್ನು ಎಷ್ಟು ಸಲ ಬೈದಿದ್ದೆನೋ.

"ಆಕೀನ್ನ ಯಾರ ಕೇಳಿದ್ರು?" ಎಂದೆ.

"ನಾನ ಕೇಳಿದ್ದೆ. ಇಲ್ಲ ಅಂದ್ಳು. ಹೌದಂತ ನಂಬಿ ಸಾಲಿಗೆ ಹೋದೆ."

ಮತ್ತೆ ಹಿಟ್ಟು ನಾದತೊಡಗಿದಳು. ಅಳಲಿಲ್ಲ. ನಾನೂ ಸಮಾಧಾನ ಮಾಡಲಿಲ್ಲ, ನನಗೆ ಅದು ಬರುವುದಿಲ್ಲ. ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ. ಗುಳಿಗೆ ಡಾಕ್ಟರು ಬರೆದಾರು. ಕೀಲಿ ಸೊಸೆ ಇಟ್ಟುಕೊಂಡಾಳು. ಬಾಯಿ ಮಾತ್ರ ನಾನೇ ಬಿಡಬೇಕಲ್ಲ? ಮನೆಯವರಿಗೆ ಭಯವಾಗಬಾರದು ಎಂದು ನಾವು ಹೇಳುವ ಆ "ಇಲ್ಲ" ಆಮೇಲೆ ಅವರನ್ನು ಎಷ್ಟು ವರ್ಷ ಅರೆಯುತ್ತದೆ ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ರೇಣುಕಾಳನ್ನು ಎಬ್ಬಿಸಿಕೊಂಡು ಧಾರವಾಡದ ಮೊದಲ ಬಸ್ಸು ಹಿಡಿದೆ. ಚೀಟಿಗೆ ಹೆಸರು ಹಚ್ಚಿ, ಕಾದು ಒಳಗೆ ಹೋದೆವು. ಡಾಕ್ಟರು ಬಾಯಿ ತೆರೆಯುವ ಮೊದಲೇ, ಸೊಸೆಯ ಎದುರಿಗೇ ಹೇಳಿದೆ: "ನಿನ್ನಿ ನೀವು ಕಡೇಕ ಕೇಳಿದ್ದಕ್ಕ ಸುಳ್ಳ ಹೇಳೇನ್ರಿ ಮೇಡಂ. ಅನಸ್ತೈತಿ."