ಊರ ಉಸಾಬರಿ ಬಿಟ್ಟ ದಿನಗಳು

ಸುಮ್ಮನೆ ಕೂರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲೇ ತಿಳಿದಿದ್ದರೆ ಕೆಲಸ ಮಾಡಿಕೊಂಡೇ ಆರಾಮಾಗಿ ಇದ್ದುಬಿಡುತ್ತಿದ್ದೆ.

ನಾನು ಬಸ್ ನಿಲ್ದಾಣದ ಕಂಟ್ರೋಲರ್. ಯಾವ ಊರಿನ ನಿಲ್ದಾಣ ಎಂದು ಕೇಳಬೇಡಿ, ನೌಕರಿಯ ಮನುಷ್ಯ ನಾನು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಬಸ್ಸುಗಳೆಲ್ಲ ಬಂದು ಹೋಗುತ್ತವೆ, ಅಷ್ಟು ಸಾಕು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವ ಮಾರ್ಗವಾಗಿ ಹೋಗುತ್ತದೆ ಎಂದು ಮೈಕಿನಲ್ಲಿ ಹೇಳುವುದು, ಅದು ಬಂದು ಹೋದ ಹೊತ್ತು ಬರೆದಿಡುವುದು, ಇಷ್ಟು ನನ್ನ ಕೆಲಸ. ಆದರೆ ಮೈಕು ಕೈಗೆ ಸಿಕ್ಕವನು ಇಷ್ಟಕ್ಕೇ ನಿಲ್ಲುವುದುಂಟೆ? “ಸಿರಸಂಗಿ ಅಜ್ಜಾರ, ನಿಮ್ಮ ಛತ್ರಿ ಕಟ್ಟಿ ಮ್ಯಾಲ ಉಳದೈತಿ ನೋಡ್ರಿ.” “ಕಟಕೋಳದ ತಂಗಿ, ಆ ಬಸ್ ಹತ್ತಬ್ಯಾಡವಾ, ಅದು ನಿಮ್ಮೂರಾಗ ನಿಲ್ಲೂದಿಲ್ಲ.” ವರ್ಷಗಟ್ಟಲೆ ಹೀಗೆ ಒದರಿದ್ದೇನೆ. ಊರ ಉಸಾಬರಿ ಎನ್ನುತ್ತಾರಲ್ಲ, ಅದನ್ನು ಸಂಬಳವಿಲ್ಲದೆ ಹೊತ್ತವನು ನಾನು.

ಈಚೆಗೆ ಬಂದ ಹೊಸ ಸಾಹೇಬರಿಗೆ ಇದು ಸರಿ ಬರಲಿಲ್ಲ. ಡ್ರೈವರು, ಕಂಡಕ್ಟರುಗಳೆಲ್ಲ ನಿಂತಿರುವಾಗಲೇ ಹೇಳಿದರು: “ಮೈಕ್ ಇರೂದು ಬಸ್ಸಿನ ಸಲುವಾಗಿ, ನಿಮ್ಮ ಹರಟಿ ಸಲುವಾಗಿ ಅಲ್ಲ. ಎಷ್ಟು ಹೇಳೈತಿ ಅಷ್ಟು ಮಾಡ್ರಿ.” ನನಗೆ ಬಹಳ ನೋವಾಯಿತು. ಹರಟೆ ಎಂಬ ಮಾತು ಮನೆಯವರೆಗೂ ಬೆನ್ನು ಹತ್ತಿ ಬಂತು.

ಮನೆಯಲ್ಲಿ ಮಗಳು ಮೊಬೈಲು ನೋಡುತ್ತಾ ನನ್ನ ರೋಗಕ್ಕೆ ಮದ್ದು ಹೇಳಿದಳು. “ಅಪ್ಪಾ, ಕ್ವೈಟ್ ಕ್ವಿಟಿಂಗ್ ಅಂತ ಐತಿ. ರಾಜೀನಾಮಿ ಕೊಡೂದಿಲ್ಲ, ಜಗಳಾ ಮಾಡೂದಿಲ್ಲ. ಹೇಳಿದಷ್ಟ ಕೆಲಸಾ ಮಾಡಿ ಎದ್ದು ಬರೂದು. ಈಗ ದೊಡ್ಡ ದೊಡ್ಡ ಕಂಪನ್ಯಾಗ ಎಲ್ಲಾರೂ ಹಂಗ ಮಾಡತಾರ.”

ಹೆಸರು ಹೊಸದಿರಬಹುದು, ವಿದ್ಯೆ ನಮ್ಮಲ್ಲಿ ಹಳೆಯದು. ಜೋಡೆತ್ತಿನಲ್ಲಿ ಒಂದನ್ನು ನೋಡಿ. ನೊಗಕ್ಕೆ ಕೊರಳು ಕೊಟ್ಟಿರುತ್ತದೆ, ಹೆಜ್ಜೆ ತಪ್ಪುವುದಿಲ್ಲ, ಬಾರುಕೋಲಿಗೆ ಕಾರಣ ಕೊಡುವುದಿಲ್ಲ. ಎಳೆಯುವುದು ಮಾತ್ರ ಪಕ್ಕದ್ದು. ಇನ್ನು ಈ ವಿದ್ಯೆಯ ಶಿಖರ ನೋಡಬೇಕಾದರೆ ನಮ್ಮ ಮನೆಯ ಊಟಕ್ಕೆ ಬರಬೇಕು. ನಮ್ಮ ಕಡೆ ಉಣ್ಣುವವನು ಮೊದಲ ಸಲ “ಬ್ಯಾಡ” ಎಂದದ್ದನ್ನು ಬಡಿಸುವವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೆಯದಕ್ಕೂ ಅರ್ಧ ರೊಟ್ಟಿ ಬಿದ್ದೇ ಬೀಳುತ್ತದೆ. ನನ್ನ ಹೆಂಡತಿ ಮಹಾದೇವಿಗೆ ಸಿಟ್ಟು ಬಂದ ದಿನ ನನ್ನ ಮೊದಲ “ಬ್ಯಾಡ”ವನ್ನೇ ತಲೆಬಾಗಿ ಒಪ್ಪಿಕೊಳ್ಳುತ್ತಾಳೆ. ರೊಟ್ಟಿಯ ಬುಟ್ಟಿ ಒಳಗೆ ಹೋಗುತ್ತದೆ. ಒಂದು ಬಿರುಸು ಮಾತಿಲ್ಲ, ತಪ್ಪು ಹುಡುಕಲು ಜಾಗವಿಲ್ಲ, ಹೊಟ್ಟೆ ಮಾತ್ರ ತುಂಬಿರುವುದಿಲ್ಲ.

ಅಂಥ ಗುರು ಮನೆಯಲ್ಲೇ ಇರುವಾಗ ಭಯವೇಕೆ ಎಂದು ಮರುದಿನವೇ ಶುರುಮಾಡಿದೆ. ಬಸ್ಸಿನ ಹೆಸರು, ಮಾರ್ಗ, ನಿಲ್ಲುವ ಜಾಗ. ಮುಗಿಯಿತು, ಮೈಕು ಬಂದ್. ಒಳಗೊಳಗೆ ನನಗೊಂದು ಆಸೆ ಇತ್ತು: ಸಂಜೆಯೊಳಗೆ ನಿಲ್ದಾಣ ಅಲ್ಲೋಲಕಲ್ಲೋಲವಾಗಬೇಕು, ಜನ ಕಿಟಕಿಗೆ ಮುತ್ತಬೇಕು, ಸಾಹೇಬರು ಕೈ ಹಿಸುಕಿಕೊಳ್ಳಬೇಕು. ಏನೂ ಆಗಲಿಲ್ಲ. ಬಸ್ಸುಗಳು ಬಂದವು, ಹೋದವು. ಹಾಗಾದರೆ ಇಷ್ಟು ವರ್ಷ ಒದರಿದ್ದು ಯಾರಿಗೂ ಬೇಡವಾಗಿತ್ತೇ? ಮುನಿಸಿಕೊಂಡವನನ್ನು ಯಾರೂ ಗಮನಿಸದಿದ್ದರೆ ಆ ಮುನಿಸನ್ನು ಎಲ್ಲಿ ಇಡುವುದು ಹೇಳಿ.

ಆದರೆ ನಮ್ಮ ಜನ ಗಮನಿಸಿದ್ದರು. ಗಮನಿಸಿ ತಮ್ಮದೇ ಅರ್ಥ ಹಚ್ಚಿದ್ದರು. ನಿಲ್ದಾಣದ ಚಹಾ ಅಂಗಡಿಯ ಮೌಲಾಸಾಬ ಒಂದು ದಿನ ಚಹಾ ಕೊಟ್ಟ, ಕುಡಿದರೆ ಸಪ್ಪೆ. ಸಕ್ಕರೆ ಮರೆತೆಯಾ ಎಂದರೆ ದನಿ ಇಳಿಸಿ, “ಎಲ್ಲಾ ಗೊತ್ತಾಗೇತ್ರಿ ಸರ, ಮುಚ್ಚಿ ಇಡಬ್ಯಾಡ್ರಿ. ನಮ್ಮ ಮಾಮಾಗೂ ಶುಗರ್ ಬಂದಾಗ ಹಿಂಗ ಮಾತು ಬಿಟ್ಟಿದ್ದಾ” ಎಂದ. ವಾರದ ಸಂತೆಗೆ ಬರುವ ಮುರಗೋಡದ ನೀಲವ್ವ ಮಠದ ವಿಭೂತಿ ತಂದು ಕಿಟಕಿಯೊಳಗೆ ಕೈ ಹಾಕಿ ಹಣೆಗೇ ಹಚ್ಚಿದಳು. “ಯಾರದರ ಕಣ್ಣು ಬಿದ್ದೈತಿ ತಮ್ಮಾ. ಎಷ್ಟು ಚಂದ ಒದರತಿದ್ದಿ.” ದೊಡ್ಡ ಕಂಪನಿಗಳಲ್ಲಿ ಸುಮ್ಮನಾದವನನ್ನು ಸುಮ್ಮನಿರಲು ಬಿಡುತ್ತಾರೇನೋ. ಇಲ್ಲಿ ಮೌನವೆಂದರೆ ಒಂದೋ ಕಾಯಿಲೆ, ಇಲ್ಲವೇ ದೃಷ್ಟಿ. ನನಗೆ ನಗು ಬಂತು, ಕಣ್ಣೂ ಒದ್ದೆಯಾಯಿತು. ಆದರೂ ಹಟ ಬಿಡಲಿಲ್ಲ.

ಹೀಗಿರುವಾಗ ಸಾಹೇಬರು ಒಂದು ಮಧ್ಯಾಹ್ನ ಬಂದು, ಚಹಾ, ಬಿಸ್ಕೀಟು ತರಿಸಿ, ನನ್ನನ್ನು ಹೊಗಳಿದರು. “ಈಗ ನೋಡ್ರಿ ಎಷ್ಟು ನೀಟ್ ಆಗೇತಿ. ಇಷ್ಟ ಹೇಳೂದಿದ್ರ ಮನಷ್ಯಾನ ಯಾಕ ಬೇಕು? ಒಮ್ಮೆ ನಿಮ್ಮ ದನಿ ರೆಕಾರ್ಡ್ ಮಾಡಿ ಮಷೀನಿಗೆ ಹಾಕಿಬಿಡೂಣು. ನಿಮ್ಮನ್ನ ಒಳಗ ಆಫೀಸಿಗೆ ತಗೋತೇನಿ, ಆರಾಮ ಕುಂತು ಬರೀರಿ.”

ನಿವೃತ್ತಿಯವರೆಗೆ ಗೋಡೆ ನೋಡುತ್ತಾ ಕೂರುವುದನ್ನು ನೆನೆಸಿಕೊಂಡೆ. ಕಿಟಕಿ ಇಲ್ಲ, ಮೈಕಿಲ್ಲ, ಮುಖಗಳಿಲ್ಲ. ಇವನ್ನೆಲ್ಲ ಸಾಹೇಬರು ಕಸಿದುಕೊಂಡರು ಎನ್ನುವ ಹಾಗೂ ಇರಲಿಲ್ಲ, ನನ್ನ ಕೆಲಸದಲ್ಲಿ ನನ್ನದೆನ್ನುವುದನ್ನೆಲ್ಲ ತೆಗೆದು ಅವರ ಕೈಗೆ ಕೊಟ್ಟವನು ನಾನೇ.

ಅಷ್ಟರಲ್ಲಿ ಹೊರಗೆ ಕೂಸೊಂದು ಅಳುವುದು ಕೇಳಿಸಿತು. ಹಸಿರು ಫ್ರಾಕಿನ ಪುಟ್ಟ ಹುಡುಗಿ, ಕಂಬ ಹಿಡಿದು ನಿಂತಿದೆ, ಸುತ್ತ ತನ್ನವರು ಯಾರೂ ಇಲ್ಲ. ಊರು ಕೇಳಿದರೆ “ಅವ್ವಾ” ಅನ್ನುತ್ತದೆ, ಹೆಸರು ಕೇಳಿದರೂ “ಅವ್ವಾ”. ಎತ್ತಿಕೊಂಡು ಒಳಗೆ ತಂದೆ, ಸಾಹೇಬರ ಚಹಾದ ಪಕ್ಕವೇ ಮೇಜಿನ ಮೇಲೆ ಕೂರಿಸಿದೆ, ಮೈಕು ಹಚ್ಚಿದೆ. “ಹಸರ ಫ್ರಾಕಿನ ಕೂಸು ಯಾರದರಿ? ನನ್ನ ಹಂತೇಕ ಐತಿ. ಗಾಬರಿ ಆಗಬ್ಯಾಡ್ರಿ, ಓಡಿ ಬಿದ್ದೀರಿ, ಸಾವಕಾಶ ಬರ್ರಿ. ಕೂಸು ಆರಾಮ ಐತಿ, ಸಾಹೇಬ್ರ ಬಿಸ್ಕೀಟ ತಿನ್ನಾಕ ಹತ್ತೈತಿ.”

ರಾಮದುರ್ಗದ ಬಸ್ಸಿನಿಂದ ಒಬ್ಬಳು ತಾಯಿ ಇಳಿದು, ನಾನು ಹೇಳಿದ್ದನ್ನು ಕೇಳದೆ ಓಡಿಯೇ ಬಂದಳು. ಕೂಸನ್ನು ಎದೆಗೆ ಅವಚಿಕೊಂಡು ಅವಳು ಅತ್ತದ್ದನ್ನು ಸಾಹೇಬರೂ ನೋಡಿದರು. ಅವಳು ಹೋದ ಮೇಲೆ ನಾನು ಅವರಿಗೆ ಹೇಳಿದೆ:

“ರೆಕಾರ್ಡ್ ಮಾಡಿ ಕೊಡತೇನ್ರಿ ಸಾಹೇಬ್ರ, ನಂದೇನೂ ತಕರಾರಿಲ್ಲ. ನಾಳಿ ಯಾರ ಕೂಸು ಕೈ ತಪ್ಪತೈತಿ ಅನ್ನೂದಷ್ಟು ಇವತ್ತ ಹೇಳ್ರಿ.”