ಕೊಪ್ಪಲು ಬಾಯ್ಸ್ ಮತ್ತು ನನ್ನ ಬೀಪಿ

ನನಗೆ ಎರಡು ಬೀಪಿಗಳಿವೆ. ಒಂದು ಸೋಮವಾರದಿಂದ ಶನಿವಾರದವರೆಗಿನದು. ಅದು ಸಾಧು ಸ್ವಭಾವದ್ದು. ಬೆಳಗಿನ ಮಾತ್ರೆಗೆ ತಲೆಬಾಗಿ ತನ್ನ ಪಾಡಿಗೆ ತಾನಿರುತ್ತದೆ. ಇನ್ನೊಂದು ಭಾನುವಾರದ್ದು. ಅದು ನಿಜವಾಗಿ ನನ್ನದಲ್ಲ, ಕೊಪ್ಪಲು ಬಾಯ್ಸ್ ಫುಟ್‌ಬಾಲ್ ತಂಡದ್ದು. ನನ್ನ ಮೈಯಲ್ಲಿ ಬಾಡಿಗೆಗಿದೆ, ಅಷ್ಟೇ.

ಕೊಪ್ಪಲು ಬಾಯ್ಸ್ ನಮ್ಮ ಕುಂಬಾರಕೊಪ್ಪಲಿನ ತಂಡ. ಬಾಯ್ಸ್ ಅನ್ನುವುದು ಹೆಸರಿಗಷ್ಟೇ. ಗೋಲ್‌ಕೀಪರನ ಮಗಳಿಗೆ ಈಚೆಗಷ್ಟೇ ಕಿವಿ ಚುಚ್ಚಿಸಿದರು. ಹಿಂದೆ ನಾನೂ ಒಂದಷ್ಟು ಕಾಲ ಈ ತಂಡದಲ್ಲಿ ಬ್ಯಾಕ್ ಆಡಿದ್ದೆ. ನನ್ನನ್ನು ತೆಗೆದ ಮೇಲೆ ತಂಡ ಸುಧಾರಿಸಿತು ಎಂದು ನೋಡಿದವರೆಲ್ಲ ಹೇಳುತ್ತಾರೆ. ಅಂದಿನಿಂದ ನಾನು ಗೆರೆಯ ಆಚೆ ನಿಂತು ತಂಡಕ್ಕೆ ನೆರವಾಗುತ್ತಿದ್ದೇನೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದೆ. ಇದರಿಂದ ಮಾತ್ರ ಯಾರೂ ನನ್ನನ್ನು ನಿವೃತ್ತಿಗೊಳಿಸಲಿಲ್ಲ.

ಜೊತೆಗಾರ ಸಿದ್ದರಾಜು. ನನ್ನ ಓರಗೆಯವನು, ಸೈಕಲ್ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಈಗ ಆರಾಮಾಗಿದ್ದಾನೆ. ಆರಾಮಾಗಿರಬೇಕಿತ್ತು ಎನ್ನುವುದು ಸರಿ. ಅವನ ಎದೆಯಲ್ಲಿ ಸ್ಟೆಂಟು ಕೂತಿದೆ. ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ನಾವಿಬ್ಬರೂ ಅಕ್ಕಪಕ್ಕ ಕೂತು ರೆಫರಿಯನ್ನು ಬಯ್ಯುತ್ತಾ ಮುದುಕರಾದೆವು. ನಮ್ಮ ಕಡೆ ಚೆಂಡು ಬಂದು ಸ್ಥಿತಿ ಕೆಟ್ಟಿತೆಂದರೆ ಸಿದ್ದರಾಜು ಕಣ್ಣು ಮುಚ್ಚಿಕೊಳ್ಳುತ್ತಾನೆ. "ಏನಾಯ್ತು?" ಎನ್ನುತ್ತಾನೆ. ನಾನು ಹೇಳಬೇಕು. ಹೀಗಾಗಿ ನಮ್ಮ ತಂಡ ತಿಂದ ಗೋಲುಗಳಲ್ಲಿ ಹೆಚ್ಚಿನವನ್ನು ಅವನು ನನ್ನ ಬಾಯಿಂದಲೇ ಕೇಳಿದ್ದಾನೆ.

ವಯಸ್ಸಾದಂತೆ ಸೋಲು ಹಗುರವಾಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗುವುದಿಲ್ಲ. ಕಾಲೇಜು ಓದುವಾಗ ಸೋಲು ಒಂದು ಮಸಾಲೆದೋಸೆಗೆ ಕರಗುತ್ತಿತ್ತು. ಮಕ್ಕಳು ಸಣ್ಣವರಿದ್ದಾಗ ಸೋಮವಾರದ ಗಡಿಬಿಡಿಯಲ್ಲಿ ಮರೆತುಹೋಗುತ್ತಿತ್ತು. ಈಗ ಅದು ಸಂಜೆ ತಿಂದ ಬೋಂಡದ ಹಾಗೆ ಎದೆಯ ಹತ್ತಿರವೇ ಕೂತುಬಿಡುತ್ತದೆ. ಇನ್ನೊಂದು ತೊಂದರೆ: ಆಟಗಾರರು ಮೊದಲು ನನಗೆ ಅಣ್ಣಂದಿರಾಗಿದ್ದರು, ಆಮೇಲೆ ಗೆಳೆಯರಾದರು, ಈಗ ಮೊಮ್ಮಕ್ಕಳಂತೆ ಕಾಣುತ್ತಾರೆ. ಆಗ ಗೋಲು ಬಿಟ್ಟವನ ಮೇಲೆ ಬರೀ ಸಿಟ್ಟು ಬರುತ್ತಿತ್ತು. ಈಗ ಸಿಟ್ಟಿನ ಹಿಂದೆಯೇ, ಪಾಪ, ಇವನ ತಾಯಿ ನೋಡುತ್ತಿದ್ದಾಳೋ ಏನೋ ಎಂಬ ಸಂಕಟವೂ ಬರುತ್ತದೆ. ಎರಡನ್ನೂ ಒಂದೇ ರಕ್ತನಾಳ ತಾಳಿಕೊಳ್ಳಬೇಕು.

ವಿಷಯ ಹೊರಬಿದ್ದದ್ದು ನನ್ನ ಹೆಂಡತಿ ಜಯಮ್ಮ ಬೀಪಿ ನೋಡುವ ಯಂತ್ರವನ್ನು ಮನೆಗೆ ತರಿಸಿದಾಗ. ಒಂದು ಭಾನುವಾರ ಮೈದಾನದಿಂದ ಬಂದವನ ತೋಳಿಗೆ ಪಟ್ಟಿ ಸುತ್ತಿದಳು. ಯಂತ್ರ ಕೆಟ್ಟಿದೆಯೆಂದು ತನ್ನ ತೋಳಿಗೂ ಸುತ್ತಿ ನೋಡಿಕೊಂಡಳು. ಯಂತ್ರ ಸರಿಯಾಗಿತ್ತು. ಮಾರನೆಯ ದಿನ ಡಾಕ್ಟರ ಮುಂದೆ ಕೂರಿಸಿದಳು.

"ಈ ವಯಸ್ಸಲ್ಲಿ ಫುಟ್‌ಬಾಲ್ ಆಡ್ತೀರಾ?" ಎಂದರು ಡಾಕ್ಟರಮ್ಮ.

"ಇಲ್ಲ ಮೇಡಂ, ನೋಡ್ತೀನಿ."

"ನೋಡೋದಕ್ಕೇ ಇಷ್ಟೊಂದಾ? ಯಾವ ಟೀಮು?"

ಹೇಳಿದೆ. ಅವರು ಕೇಳಿರಲಿಲ್ಲ.

"ಗೆಲ್ತಾರಾ?"

"ಒಂದೊಂದ್ಸಲ."

"ಮತ್ತೆ ಯಾಕ್ರೀ ನೋಡ್ತೀರಾ?"

ಈ ಲೀಗ್ ಮುಗಿಯುವವರೆಗೆ ಮೈದಾನದ ಕಡೆ ತಲೆ ಹಾಕಬಾರದೆಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದರು. ಸುದ್ದಿ ಸಿದ್ದರಾಜುವಿನ ಮನೆಗೂ ಮುಟ್ಟಿತು. ಅವನ ಮಗ ಅವನನ್ನೂ ತಡೆದು ನಿಲ್ಲಿಸಿದ.

ಫುಟ್‌ಬಾಲ್ ನೋಡುವವನಿಗೆ ನಾವು ಅಭಿಮಾನಿ ಎನ್ನುತ್ತೇವೆ. ಪಾಠ ಹೇಳುವಾಗ ನಾನು ಈ ಪದವನ್ನು ಬಿಡಿಸಿ ತೋರಿಸುತ್ತಿದ್ದೆ. ಅಭಿಮಾನದಲ್ಲಿ ಪ್ರೀತಿಯೂ ಇದೆ, ಹೆಮ್ಮೆಯೂ ಇದೆ. ಪದದ ಹಳೆಯ ಅರ್ಥಕ್ಕೆ ಹೋದರೆ, 'ನಾನು, ನನ್ನದು' ಎಂಬ ಭ್ರಮೆಯೂ ಇದೆ. ಕಳಚಿಕೊಳ್ಳಬೇಕಾದದ್ದು ಅದನ್ನೇ ಎಂದು ಹಿರಿಯರು ಹೇಳಿದರು. ನಾನೂ ಅದನ್ನು ಹುಡುಗರಿಗೆ ಗಂಭೀರವಾಗಿ ಹೇಳಿದ್ದೇನೆ. ವಯಸ್ಸಾದವರು ಮನೆ, ಮಕ್ಕಳು, ಆಸ್ತಿ ಎಲ್ಲ ಬಿಟ್ಟು ಕಾಡಿಗೆ ಹೋಗಲಿ ಎಂದು ಶಾಸ್ತ್ರದಲ್ಲಿದೆ. ಲೀಗಿನ ಕೊನೆಯಿಂದ ಎರಡನೇ ಸ್ಥಾನದಲ್ಲಿರುವ ತಂಡವನ್ನು ಏನು ಮಾಡಬೇಕು ಎಂಬುದರ ಬಗ್ಗೆ ಅಲ್ಲಿ ಒಂದಕ್ಷರವೂ ಇಲ್ಲ.

ಮೊದಲ ಭಾನುವಾರ ಮನಸ್ಸಿನ ನೆಮ್ಮದಿಗೆಂದು ಚಾಮುಂಡಿ ಬೆಟ್ಟಕ್ಕೆ ಹೋದೆ. ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ ಅರ್ಚನೆಯ ಸಾಲಿನಲ್ಲಿ ನಿಂತಿದ್ದೆ.

"ಯಾರ ಹೆಸರಲ್ಲಿ?" ಎಂದರು ಅರ್ಚಕರು.

ಬಾಯಿ ತನ್ನಷ್ಟಕ್ಕೆ ತಾನೇ ಆಡಿತು. "ಕೊಪ್ಪಲು ಬಾಯ್ಸ್."

ಅವರು ಹುಬ್ಬು ಕೂಡ ಏರಿಸಲಿಲ್ಲ. ದಿನಕ್ಕೆ ಎಷ್ಟು ತರಹದ ಜನರನ್ನು ನೋಡುತ್ತಾರೋ. "ನಕ್ಷತ್ರ?"

"ಈಗ ಅಷ್ಟು ಸರಿಯಿಲ್ಲ ಸ್ವಾಮಿ."

ಮಂತ್ರ ಹೇಳಿ ಕುಂಕುಮ ಕೊಟ್ಟರು. ಹೊರಗೆ ಬಂದಾಗ, ಎದುರಾಳಿ ತಂಡದವರೂ ಇದೇ ಊರಿನವರು, ಅವರಿಗೂ ಇದೇ ತಾಯಿ ಎಂಬುದು ಹೊಳೆಯಿತು. ಪಾಪ, ಆಕೆಯನ್ನು ಎಂಥ ಇಕ್ಕಟ್ಟಿಗೆ ಸಿಕ್ಕಿಸಿದೆ ಎನಿಸಿತು. ಬೆಟ್ಟದಿಂದ ಊರೆಲ್ಲ ಕಾಣುತ್ತದೆ. ನಮ್ಮ ಮೈದಾನ ಎಲ್ಲಿ ಬರುತ್ತದೆಂದು ಕಣ್ಣು ಕಿರಿದು ಮಾಡಿ ಹುಡುಕಿ ಹುಡುಕಿ ನನ್ನ ಕತ್ತು ಹಿಡಿದುಕೊಂಡಿತು. ಮನೆಗೆ ಬಂದು ಬೀಪಿ ನೋಡಿದರೆ, ಹೇಳಿಕೊಳ್ಳುವಂಥ ವ್ಯತ್ಯಾಸವೇನಿರಲಿಲ್ಲ.

ಆಗ ಜಯಮ್ಮನೇ ಒಂದು ದಾರಿ ಹೇಳಿದಳು. "ನಾನು ಹೋಗಿ ನೋಡ್ಕಂಡು ಫೋನ್ ಮಾಡ್ತೀನಿ. ನೀವು ಸಿದ್ದರಾಜಣ್ಣನ್ನ ಕರ್ಕಂಡು ಮನೇಲಿ ಚೌಕಾಬಾರ ಆಡ್ಕಳಿ. ಮನಸ್ಸು ತಣ್ಣಗಿರತ್ತೆ."

ಅವಳು ಅಲ್ಲಿಯವರೆಗೆ ಒಂದು ಆಟವನ್ನೂ ನೋಡಿದವಳಲ್ಲ. ಅವಳ ವರದಿಗಳು ಹಾಗೆಯೇ ಇದ್ದವು. "ನಮ್ಮ ಹುಡುಗರ ಕಾಲುಚೀಲ ಯಾರೂ ಒಗೆಯಲ್ವಾ?" ಎಂದು ಒಮ್ಮೆ ಫೋನ್ ಬಂತು. ಇನ್ನೊಮ್ಮೆ, "ಒಬ್ಬ ಬಿದ್ದುಬುಟ್ಟ. ಈಗ ಎದ್ದ. ಇಲ್ಲ, ಮತ್ತೆ ಮಲಗ್ದ." ನಮ್ಮವನೋ ಅವರವನೋ ಎಂದರೆ, "ಯಾರಾದ್ರೇನ್ರೀ, ಮಂಡಿ ತರಚಿದೆ" ಎಂದು ಇಟ್ಟುಬಿಟ್ಟಳು. ಗೋಲೆಷ್ಟು ಎಂದು ಕೇಳುವುದರೊಳಗೆ ಪ್ರತಿಸಲವೂ ಫೋನು ಕಟ್ಟಾಗಿರುತ್ತಿತ್ತು. ನಾನೂ ಸಿದ್ದರಾಜುವೂ ಹಾಸಿದ ಪಟದ ಎರಡು ಬದಿಗೆ ಕೂತು, ಕವಡೆ ಹಿಡಿದುಕೊಂಡು, ಆ ಮಂಡಿ ಯಾರದ್ದಿರಬಹುದೆಂದು ಯೋಚಿಸುತ್ತಿದ್ದೆವು.

ಜಗಳವಾದದ್ದು ಆಗಲೇ. ಸಿದ್ದರಾಜುವಿನ ಕೊನೆಯ ಕಾಯಿ ಇನ್ನೇನು ನಡುಮನೆ ಸೇರಿ ಹಣ್ಣಾಗಬೇಕಿತ್ತು. ನಾನು ಕವಡೆ ಬಿಟ್ಟೆ, ಬೇಕಾದದ್ದೇ ಬಿತ್ತು, ಅವನ ಕಾಯಿಯನ್ನು ಹೊಡೆದೆ.

"ನಡೆಯಲ್ಲ" ಎಂದ. "ಒಂದು ಕವಡೆ ಚಾಪೆ ಅಂಚಿಗೆ ತಗುಲ್ತು."

"ತಗುಲಲಿಲ್ಲ."

"ತಗುಲ್ತು ಕಣೋ. ನೀನು ಯಾವಾಗ್ಲೂ ಇಂಗೇ. ನನ್ನ ಮಗಳ ಮದ್ವೇಲೂ ಸಾರಿಗೆ ಉಪ್ಪು ಜಾಸ್ತಿ ಅಂತ ಎಲ್ರ ಮುಂದೆ ಅಂದವ್ನು ನೀನೇ."

"ಜಾಸ್ತಿ ಇತ್ತಲ್ಲೋ!"

ಅವನು ಎದ್ದ. ಒಳಗೆ ನಾನೇ ಇಳಿಸಿಟ್ಟಿದ್ದ ಕಾಫಿ ಇತ್ತು. ಕುಡಿಯದೆ ಹೋದ. ನಮ್ಮ ಮನೆಯಿಂದ ಸಿದ್ದರಾಜು ಕಾಫಿ ಕುಡಿಯದೆ ಹೋದದ್ದು ಅದೇ ಮೊದಲು. ಅವನು ಗೇಟು ದಾಟುವಾಗ ಜಯಮ್ಮನ ಫೋನ್ ಬಂತು. ನಮ್ಮವರು ಗೆದ್ದಿದ್ದರು. ಹೇಳೋಣವೆಂದು ಬಾಗಿಲವರೆಗೆ ಹೋದೆ. ಅವನು ತಿರುಗಿ ನೋಡಲಿಲ್ಲ, ನಾನೂ ಕರೆಯಲಿಲ್ಲ.

ಆಮೇಲೆ ಎಷ್ಟೋ ವಾರ ಮಾತಿಲ್ಲ. ಅಂಗಡಿಯಲ್ಲಿ ಸಿಕ್ಕರೆ ಅವನು ಸೊಪ್ಪು ನೋಡುವನು, ನಾನು ತೆಂಗಿನಕಾಯಿ ಬಡಿದು ನೋಡುವೆ. ಇಷ್ಟು ವರ್ಷ ನಮ್ಮಿಬ್ಬರ ನಡುವೆ ಒಂದು ದೊಡ್ಡ ಮಾತು ಬಂದಿರಲಿಲ್ಲ. ನಮ್ಮ ಸ್ವಭಾವ ಅಷ್ಟು ಒಳ್ಳೆಯದೆಂದೇ ತಿಳಿದಿದ್ದೆ. ಈಗ ಯೋಚಿಸಿದರೆ ಕಾರಣ ಬೇರೆ ಇತ್ತು. ಮನೆಯ ಬೇಸರ, ಮಂಡಿನೋವು, ಮಕ್ಕಳ ಮೇಲಿನ ಮುನಿಸು, ಉಪ್ಪು ಹೆಚ್ಚಾದ ಸಾರು, ಎಲ್ಲವನ್ನೂ ನಾವು ವಾರಕ್ಕೊಮ್ಮೆ ಕಲ್ಲುಬೆಂಚಿನ ಮೇಲೆ ಕೂತು ಒಬ್ಬ ಅಪರಿಚಿತ ರೆಫರಿಯ ಮೇಲೆ ಸುರಿದು ಹಗುರಾಗುತ್ತಿದ್ದೆವು. ಆ ಪುಣ್ಯಾತ್ಮನಿಗೆ ಇದು ಗೊತ್ತಿರಲಿಲ್ಲ. ಆಟಕ್ಕೆ ಹೋಗುವುದನ್ನು ನಿಲ್ಲಿಸಿದ ಮೇಲೆ ಸಿಟ್ಟು ಹೋಗುವ ದಾರಿಯಷ್ಟೇ ಮುಚ್ಚಿತು, ಸಿಟ್ಟು ಅಲ್ಲೇ ಉಳಿಯಿತು.

ಅತ್ತ ಜಯಮ್ಮನ ಫೋನುಗಳು ಬದಲಾಗುತ್ತಿದ್ದವು. ಕಾಲುಚೀಲದ ಮಾತು ನಿಂತಿತು. "ಎಡಗಡೆ ಖಾಲಿ ಬಿಟ್ಕಂಡು ಎಲ್ರೂ ನಡುವೆ ಗುಂಪುಗೂಡ್ತಾರೆ ಕಣ್ರೀ, ಹೇಳೋರೇ ಇಲ್ಲ" ಎನ್ನುವ ಮಟ್ಟಕ್ಕೆ ಬಂದಳು. ಒಮ್ಮೆಯಂತೂ ಫೋನು ಕಿವಿಗಿಟ್ಟುಕೊಂಡೇ ಯಾರನ್ನೋ ಗದರಿದಳು. ಅದು ಲೈನ್ಸ್‌ಮನ್ ಎಂದು ಆಮೇಲೆ ತಿಳಿಯಿತು.

ಕೊನೆಯ ಪಂದ್ಯ ಬಂತು. ಸಮ ಮಾಡಿಕೊಂಡರೂ ಸಾಕು, ನಮ್ಮ ತಂಡ ಈಗಿರುವ ಡಿವಿಷನ್ನಿನಲ್ಲೇ ಉಳಿಯುತ್ತಿತ್ತು. ಸೋತರೆ ಕೆಳಗಿನದಕ್ಕೆ. ಬೆಳಿಗ್ಗೆ ಜಯಮ್ಮ ಉಪ್ಪಿಟ್ಟು ಬಡಿಸುತ್ತಾ ಹೇಳಿದಳು: "ಇವತ್ತು ನಾನು ಫೋನ್ ಮಾಡಲ್ಲ. ಬೇಕಾದ್ರೆ ಬಂದು ನೋಡಿ. ನಿಮಗೊಂದು, ಸಿದ್ದರಾಜಣ್ಣಂಗೊಂದು ಫೋನ್ ಮಾಡ್ತಾ ಕೂತ್ರೆ ನಾನು ಆಟ ನೋಡೋದ್ಯಾವಾಗ?"

"ಅವನಿಗೂ ಮಾಡ್ತಿದ್ದೀಯಾ?"

"ಮತ್ತೆ? ಅವರೇನು ಮಾಡಿದ್ರು ಪಾಪ. ಆ ಕವಡೆ ತಗುಲಿರತ್ತೆ ಬುಡಿ, ನಮ್ಮನೆ ಚಾಪೆ ಅಂಚೇ ಅಂಥದ್ದು."

ಡಾಕ್ಟರಮ್ಮನಿಗೂ ಅವಳೇ ಹೇಳಿ ಬಂದಿದ್ದಳು, ಮನೆಯಲ್ಲಿ ಕೂರಿಸಿದರೂ ಬೀಪಿ ಅಷ್ಟೇ ಇರುತ್ತದೆ ಎಂದು. ಅವರು ಷರತ್ತಿನ ಮೇಲೆ ಬಿಟ್ಟರು: ನಿಲ್ಲಬಾರದು, ಕೂಗಬಾರದು, ಎದೆ ಹಿಡಿದರೆ ಆ ಕ್ಷಣವೇ ಆಸ್ಪತ್ರೆಗೆ ಬರಬೇಕು.

ಹೋದೆವು. ಕಲ್ಲುಬೆಂಚಿನ ಆ ತುದಿಯಲ್ಲಿ ಸಿದ್ದರಾಜು ಆಗಲೇ ಕೂತಿದ್ದ; ಅವನ ಮಗನನ್ನೂ ಜಯಮ್ಮನೇ ಒಪ್ಪಿಸಿದ್ದಳು. ನಾನು ಈ ತುದಿಯಲ್ಲಿ ಕೂತೆ. ಜಯಮ್ಮ ನಡುವೆ ಕೂತು ನೀರಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡಳು. ಅವರು ಒಂದು ಗೋಲು ಹೊಡೆದರು. ವಿರಾಮದ ಮೇಲೆ ನಮ್ಮವರು ಒಂದು ಹೊಡೆದು ಸಮ ಮಾಡಿದರು. ನಾನು ನಿಲ್ಲಲಿಲ್ಲ, ಕೂಗಲಿಲ್ಲ. ಆ ಎರಡನ್ನೂ ಜಯಮ್ಮ ಮಾಡಿದಳು. ಇನ್ನೇನು ಮುಗಿಯಿತು ಎನ್ನುವಾಗ ಅವರಿಗೆ ಕಾರ್ನರ್ ಸಿಕ್ಕಿತು. ಚೆಂಡು ಗಾಳಿಯಲ್ಲಿ ಬಂತು, ನಮ್ಮ ಗೋಲ್‌ಕೀಪರ್ ಹಾರಿದ, ಯಾರದೋ ತಲೆಗೆ ತಾಗಿ ಚೆಂಡು ಬಲೆಯೊಳಗೆ ಹೋಯಿತು. ಮೈದಾನದ ಆಚೆ ಬದಿಯಿಂದ ಕೂಗು ಎದ್ದಿತು.

"ಏನಾಯ್ತು?" ಎಂದಿತು ಬೆಂಚಿನ ಆ ತುದಿ. ಸಿದ್ದರಾಜು ಕಣ್ಣು ಮುಚ್ಚಿದ್ದ.

ಜಯಮ್ಮ ಬಾಯಿ ತೆರೆದಳು, ನನ್ನ ಮುಖ ನೋಡಿ ಸುಮ್ಮನಾದಳು.

"ಹೋಯ್ತು ಕಣೋ" ಎಂದೆ.

"ಪೂರ್ತಿನಾ?"

"ಪೂರ್ತಿ."

ಕಣ್ಣು ತೆರೆಯದೆಯೇ, "ಆಫ್‌ಸೈಡ್ ಇತ್ತಲ್ವಾ?" ಎಂದ.

ಇರಲಿಲ್ಲ. ಅವರ ಹುಡುಗನಿಗೂ ಗೋಲಿಗೂ ನಡುವೆ ನಮ್ಮ ಆಟಗಾರರು ಮೂವರಿದ್ದರು, ನ್ಯಾಯವಾಗಿಯೇ ಹೊಡೆದಿದ್ದ.

"ಇತ್ತು" ಎಂದೆ. "ಆ ರೆಫರಿಗೆ ಕಣ್ಣು ಕಾಣಲ್ಲ."

"ಕಾಣಲ್ಲ" ಎಂದ ಸಿದ್ದರಾಜು, ಸಮಾಧಾನದಿಂದ.

ಅವತ್ತು ಅವನು ನಮ್ಮ ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದ. ಮೂವರೂ ತೋಳಿಗೆ ಪಟ್ಟಿ ಸುತ್ತಿಸಿಕೊಂಡೆವು. ಎಲ್ಲರಿಗಿಂತ ಹೆಚ್ಚು ಬಂದದ್ದು ಜಯಮ್ಮನದು. ಯಂತ್ರ ಹಳೆಯದಾಯಿತೆಂದು ಅವಳು ಅದನ್ನು ಬೀರುವಿನಲ್ಲಿಟ್ಟಳು.

ಕೆಳಗಿನ ಡಿವಿಷನ್ನಿನ ಮೊದಲ ಪಂದ್ಯ ಮಂಡಕಳ್ಳಿ ಕಡೆಯ ಒಂದು ಮೈದಾನದಲ್ಲಿತ್ತು. ಬೆಂಚೂ ಇಲ್ಲ, ನೆರಳೂ ಇಲ್ಲ. ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಒಯ್ದಿದ್ದೆವು. ಎದುರಾಳಿಗಳು ಹೊಸಬರು, ಯಾರು ಎಲ್ಲಿ ನಿಲ್ಲಬೇಕೆಂದು ಅವರವರಲ್ಲೇ ಮಾತುಕತೆ ನಡೆದಿತ್ತು. ವಿರಾಮದ ಹೊತ್ತಿಗೆ ನಮ್ಮವರು ಮೂರು ಗೋಲು ಹೊಡೆದರು. ಇಷ್ಟು ಸುಖವಾದ ಆಟವನ್ನು ನಾನು ಕಂಡೇ ಇರಲಿಲ್ಲ. ಪಕ್ಕದ ವಿಮಾನ ನಿಲ್ದಾಣದಲ್ಲಿ ಇಳಿಯಲು ವಿಮಾನವೊಂದು ತಲೆಯ ಮೇಲೆಯೇ ಹಾದುಹೋಯಿತು. ನಾವು ಆಟ ಬಿಟ್ಟು ಅದನ್ನೇ ನೋಡಿದೆವು. ಜಯಮ್ಮ ಹುರಿಗಡಲೆ ಹಂಚಿದಳು.

ಸಿದ್ದರಾಜು ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ನನಗೆ ಗಾಬರಿಯಾಯಿತು.

"ಯಾಕೋ, ಎದೇಲಿ ಏನಾದ್ರೂ ಆಗ್ತಿದ್ಯಾ?"

"ಏನೂ ಆಗ್ತಿಲ್ಲ ಕಣೋ" ಎಂದ. ದನಿಯಲ್ಲಿ ನಿಜವಾದ ಕಳವಳವಿತ್ತು. "ಅದಕ್ಕೇ ನೋಡ್ಕತಾ ಇದೀನಿ."

ನಾನೂ ನನ್ನದನ್ನು ನೋಡಿಕೊಂಡೆ. ಅಲ್ಲೂ ಏನೂ ಆಗುತ್ತಿರಲಿಲ್ಲ. ಡಾಕ್ಟರಮ್ಮ ಬಯಸಿದ ಸ್ಥಿತಿ ಇದೇ ಇರಬೇಕು. ಹೀಗೇ ಇದ್ದರೆ ಇನ್ನೂ ಬಹಳ ವರ್ಷ ಬದುಕಬಹುದು ಎನಿಸಿತು. ಅಷ್ಟೂ ವರ್ಷ ಭಾನುವಾರಗಳಂದು ಏನು ಮಾಡುವುದೆಂದು ಹೊಳೆಯಲಿಲ್ಲ. ಜಯಮ್ಮ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು.

ವಿರಾಮ ಮುಗಿಯಿತು. ನಮ್ಮ ಹುಡುಗರು ಗೆದ್ದೆವೆಂದುಕೊಂಡು ಒಬ್ಬರಿಗೊಬ್ಬರು ಚೆಂಡು ಕೊಡುತ್ತಾ ಓಲಾಡತೊಡಗಿದರು. ಎದುರಾಳಿಗಳು ಒಂದು ಗೋಲು ಹೊಡೆದರು. ಪರವಾಗಿಲ್ಲ, ಹೊಸಬರು, ಹೊಡೆಯಲಿ ಎಂದೆವು. ಇನ್ನೊಂದು ಹೊಡೆದರು. ಜಯಮ್ಮನಿಗೆ ಎಚ್ಚರವಾಯಿತು. "ಎಡಗಡೆ ಮತ್ತೆ ಖಾಲಿ ಬಿಟ್ರು!" ಎಂದು ಎದ್ದು ನಿಂತಳು, ಹುರಿಗಡಲೆಯೆಲ್ಲ ಹುಲ್ಲಿಗೆ ಚೆಲ್ಲಿತು. ಅವರ ಸಣ್ಣ ಹುಡುಗನೊಬ್ಬ ಚೆಂಡನ್ನು ಕಾಲಿಗೆ ಅಂಟಿಸಿಕೊಂಡವನಂತೆ ಆ ಖಾಲಿ ಬಿದ್ದ ಕಡೆಯಿಂದಲೇ ನುಗ್ಗಿ ಬರುತ್ತಿದ್ದ. ಸಿದ್ದರಾಜುವಿನ ಕೈ ಬಂದು ನನ್ನ ಮಂಡಿಯನ್ನು ಬಿಗಿಯಾಗಿ ಹಿಡಿಯಿತು. ಅವನ ಹಣೆಯಲ್ಲಿ ಬೆವರು, ಮುಖದಲ್ಲಿ ಎಷ್ಟೋ ದಿನದ ಮೇಲೆ ಬಂದ ಕಳೆ.

"ಹಾಂ, ಈಗ ಸರಿಹೋಯ್ತು" ಎಂದು ಕಣ್ಣು ಮುಚ್ಚಿಕೊಂಡ.